ಕಂಬಿ ಆಚೆಯಿಂದ ಬಂದ ಮೆಸೇಜು

ಮಂಡ್ಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ಅಥ್ಲೆಟಿಕ್ಸ್ ಹೇಳಿಕೊಡ್ತಾ ಹದಿನೈದು ವರ್ಷ ಆಯ್ತು. ಫೋನಿಂದ ಮಕ್ಕಳು ಕೆಡ್ತಾರೆ ಅಂತ ಎಲ್ಲರ ಥರ ನಾನೂ ಬೈಕೊಂಡೇ ಓಡಾಡ್ತಿದ್ದೆ. ಆದ್ರೆ ಕೆಡಿಸೋದು ಯಾವ ಮೆಸೇಜು ಅಂತ ಗೊತ್ತಾಗಿದ್ದು ಎರಡು ವರ್ಷದ ಹಿಂದೆ, ವಿಶ್ವೇಶ್ವರಯ್ಯ ಸ್ಟೇಡಿಯಂನಲ್ಲಿ.

ನಮ್ಮ ಹುಡುಗಿ ಒಬ್ಳು ಲಾಂಗ್ ಜಂಪ್‌ಗೆ ಇಳಿದಿದ್ಳು. ಮೊದಲ ಮೂರು ಜಂಪಲ್ಲಿ ಮುಂದಿರೋ ಎಂಟು ಜನಕ್ಕೆ ಮಾತ್ರ ಇನ್ನೂ ಮೂರು ಚಾನ್ಸು. ಇವಳು ಎರಡನೇದ್ರಲ್ಲೇ 4.61 ಮೀಟರ್ ಹಾರಿ ಎಲ್ಲರಿಗಿಂತ ಮುಂದಿದ್ಳು. ಮೂರನೇದು ಮುಗಿಸಿ ನೀರು ಕುಡಿಯೋಕೆ ಕಂಬಿ ಹತ್ರ ಹೋದಾಗ ಅವರಪ್ಪ ಆಚೆಯಿಂದ ಪ್ರೀತಿಯಿಂದಲೇ ಫೋನ್ ತೋರಿಸಿದ್ರು, ಸೋದರಮಾವನ ಮೆಸೇಜು: ಫಸ್ಟ್ ಬಂದ್ರೆ ಸ್ಪೋರ್ಟ್ಸ್ ಹಾಸ್ಟೆಲ್ ಸೀಟ್ ಸಿಕ್ಕಂಗೇ, ಬಿಡ್ಬೇಡ ಮಗಳೇ. ವಾಪಸ್ ಬಂದು ರನ್ನಪ್ ಶುರು ಮಾಡೋ ಜಾಗದಲ್ಲಿ ಅಂಟಿಸಿದ್ದ ಟೇಪ್ ಹತ್ರ ನಿಂತ್ಳು, ಯಾವಾಗ್ಲೂ ಎರಡು ಸಲ ಹಿಂದೆ ಮುಂದೆ ತೂಗಿ ಹೊರಡೋಳು ಅವತ್ತು ತೂಗಲೇ ಇಲ್ಲ. ಕೆಂಪು ಬಾವುಟ, ಹಾರೋ ಹಲಗೆ ದಾಟಿ ಕಾಲಿಟ್ಟಿದ್ಳು, ಫೌಲ್. ಹಲಗೆ ಮುಂದಿನ ಮೆತ್ತನೆ ಪಟ್ಟಿ ಮೇಲೆ ಅವಳ ಶೂ ತುದಿ ಅಚ್ಚು ಒತ್ತಿದಂಗೆ ಮೂಡಿತ್ತು. ಐದನೇದೂ ಫೌಲ್. ಆರನೇದ್ರಲ್ಲಿ ಭಯಕ್ಕೆ ಹೆಜ್ಜೆ ಚಿಕ್ಕದು ಮಾಡ್ಕೊಂಡ್ಳು, ಅಷ್ಟರಲ್ಲಿ ಇಬ್ರು ಅವಳನ್ನ ದಾಟಿದ್ರು.

"ಸಾ, ಓಡುವಾಗ ಹಲಗೆ ಕಾಣ್ನೇ ಇಲ್ಲ, ಮಾವನ್ ಮಾತೇ ತಲೇಲಿ ಬತ್ತಿತ್ತು" ಅಂದ್ಳು.

ಆ ಮಾವಂಗೆ ಸುದ್ದಿ ಹೋಗಿದ್ದು ಹೆಂಗೆ ಅಂದ್ರೆ, ನನ್ನಿಂದಲೇ. ಎರಡನೇ ಜಂಪ್ ಆದ ತಕ್ಷಣ ವಿಡಿಯೋ ಸಮೇತ ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಅದು ನನಗೆ ಇವತ್ತಿಗೂ ನೋವು.

2016ರ ರಿಯೋ ಒಲಿಂಪಿಕ್ಸ್‌ಗೆ ಮುಂಚೆ ಬ್ಯಾಡ್ಮಿಂಟನ್ ಕೋಚ್ ಗೋಪಿಚಂದ್ ಅವರು ಸಿಂಧು ಕೈಗೆ ಮೂರು ತಿಂಗಳು ಫೋನ್ ಕೊಟ್ಟಿರಲಿಲ್ಲ, ಗೊತ್ತಿರೋದೇ. ಆದ್ರೆ ಹದಿನಾಲ್ಕು ವರ್ಷದ, ಮನೆ ಬಿಟ್ಟು ಒಂದು ರಾತ್ರಿನೂ ಇರದ ಮಕ್ಕಳಿಗೆ ಅದನ್ನೇ ಮಾಡೋಕಾಗಲ್ಲ. ನಾನು ಮೊದಲು ಪೂರ್ತಿ ಕಿತ್ಕೊಂಡು ನೋಡ್ದೆ, ಅಮ್ಮ ಆಸ್ಪತ್ರೇಲಿದ್ದ ಹುಡುಗ ಒಬ್ಬ ರಾತ್ರಿಯೆಲ್ಲ ನಿದ್ದೆ ಮಾಡ್ಲಿಲ್ಲ, ಬೆಳಿಗ್ಗೆ 800 ಮೀಟರ್‌ನಲ್ಲಿ ಕೊನೇ ಸುತ್ತಿಗೇ ಸೋತುಹೋದ.

ಈಗ ಹಿಂಗೆ ಮಾಡ್ತೀನಿ. ಹಿಂದಿನ ದಿನ ಸಂಜೆ ಏಳಕ್ಕೆ ಎಲ್ಲರೂ ಮನೆಗೆ ಮಾತಾಡ್ತಾರೆ, ಎಂಟೂವರೆಗೆ ಫೋನು ಸ್ವಿಚ್ ಆಫ್ ಮಾಡಿ ಹೆಸರು ಬರೆದ ಬಟ್ಟೆ ಚೀಲಕ್ಕೆ, ಮನೇಲಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಆ ಮಗು ನನ್ನ ಫೋನಿಂದ ಯಾವಾಗ ಬೇಕಾದ್ರೂ ಮಾತಾಡಬಹುದು. ಕೊನೇ ಜಂಪ್ ಆಗೋವರೆಗೆ ಗ್ರೂಪಿಗೆ ನಾನು ಒಂದಕ್ಷರ ಹಾಕಲ್ಲ. ಅಥ್ಲೆಟಿಕ್ಸ್ ನಿಯಮದಲ್ಲೂ ಸ್ಪರ್ಧೆ ನಡೆಯೋ ಜಾಗಕ್ಕೆ ಮೊಬೈಲ್ ತರಂಗಿಲ್ಲ, ಆದ್ರೆ ಹೊರಗಡೆ ನಿಂತು ತೆಗೆದ ವಿಡಿಯೋನ ಜಂಪ್ ಮಾಡೋರಿಗೆ ತೋರಿಸಬಹುದು, ಹಂಗಾಗಿ ಸ್ಲೋ ಮೋಷನ್‌ನಲ್ಲಿ ಪಾದ ಎಲ್ಲಿ ಬಿತ್ತು ಅನ್ನೋದಷ್ಟೇ ತೋರಿಸ್ತೀನಿ, ಯಾರು ಎಷ್ಟು ಹಾರಿದ್ರು ಅನ್ನೋ ಮಾತೇ ಎತ್ತಲ್ಲ. ಫೋನ್ ಕೆಟ್ಟದ್ದು ಅನ್ನೋರು ಇದನ್ನೂ ಯೋಚಿಸ್ಬೇಕು.

ಮಕ್ಕಳು ಒಂದೇ ಕೂಟಕ್ಕೆ ಒಗ್ಗಿಕೊಂಡ್ರು, ಕಷ್ಟ ಆಗಿದ್ದು ದೊಡ್ಡೋರಿಗೆ. "ಆಲ್ ದಿ ಬೆಸ್ಟ್ ಹೇಳೋದೂ ತಪ್ಪಾ ಸಾರ್?" ಅಂತ ಒಬ್ಬ ತಾಯಿ ಬೇಜಾರು ಮಾಡ್ಕೊಂಡ್ರು. ಹಿಂದಿನ ರಾತ್ರಿ ಹೇಳಿ ಅಮ್ಮ, ಮಧ್ಯದಲ್ಲಿ ಬೇಡ ಅಂದೆ.

ಈ ಸಲ ತಾಲ್ಲೂಕು ಮಟ್ಟಕ್ಕೆ ಮುಂಚೆನೇ ಪೋಷಕರ ಮೀಟಿಂಗ್ ಕರೆದಿದೀನಿ. ಆ ಹುಡುಗಿ ಅಪ್ಪನಿಗೇ ಎರಡು ಮಾತಾಡಿ ಅಂತ ಕೇಳಿದೀನಿ, ಬರ್ತೀನಿ ಅಂದಿದಾರೆ.