ಬಚ್ಚಲುಮನೆಗೆ ಗೀಸರ್ ಕೂರಿಸುವ ಮುನ್ನ ನೋಡಬೇಕಾದದ್ದು ಅರ್ಥಿಂಗ್ ಮತ್ತು ನೀರು

ದಾವಣಗೆರೆ, ಚಿತ್ರದುರ್ಗಗಳಲ್ಲಿ ಹೊಸದಾಗಿ ಮನೆ ಕಟ್ಟಿಸುವವರಲ್ಲಿ ಹೆಚ್ಚಿನವರು ಈಗ ಬಚ್ಚಲುಮನೆಯಲ್ಲಿ ಹಂಡೆ ಒಲೆಗೆ ಜಾಗ ಬಿಡುವುದಿಲ್ಲ, ಗೀಸರ್ ಎಲ್ಲಿ ಬರಬೇಕೆಂದು ಗೋಡೆ ಗುರುತಿಸುತ್ತಾರೆ. ಅಂಗಡಿಗೆ ಹೋದಾಗ ಕಂಪನಿ, ಸ್ಟಾರ್, ಗ್ಯಾರಂಟಿಗಳ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಮನೆಯ ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಜೋಡಣೆ) ಸರಿಯಿದೆಯೇ, ಗೀಸರಿನೊಳಗೆ ಹೋಗಲಿರುವ ನೀರು ಎಲ್ಲಿಯದು ಎಂಬ ಎರಡು ಪ್ರಶ್ನೆಗಳು ಏಳುವುದು ಅಪರೂಪ. ಕಲ್ಲುನೆಲ, ಕಡಿಮೆ ಮಳೆ, ಗಡಸಾದ ಬೋರ್ ನೀರು ಇರುವ ನಮ್ಮ ಸೀಮೆಯಲ್ಲಿ ಗೀಸರಿನ ಆಯುಸ್ಸನ್ನೂ ಮನೆಯವರ ಸುರಕ್ಷತೆಯನ್ನೂ ನಿರ್ಧರಿಸುವುದು ಇವೆರಡೇ. ಗಡಸು ನೀರು, ಗೀಸರಿನೊಳಗೆ ನೀರು ಕಾಯಿಸುವ ಕೊಳವೆಯಾದ ಎಲಿಮೆಂಟನ್ನು ಹಾಳುಮಾಡುತ್ತದೆ, ಹಾಳಾದ ಎಲಿಮೆಂಟಿನಿಂದ ಕರೆಂಟು ನೀರಿಗಿಳಿಯುತ್ತದೆ, ಆ ಹೊತ್ತಿನಲ್ಲಿ ಸ್ನಾನ ಮಾಡುತ್ತಿರುವವರನ್ನು ಕಾಯುವುದು ಅರ್ಥಿಂಗ್ ಮತ್ತು ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ.

ಯಾವ ಅಳತೆಯದು ಸಾಕು

15 ಲೀಟರಿನ, 2,000 ವ್ಯಾಟಿನ ಗೀಸರ್ 22 ಡಿಗ್ರಿ ಸೆಲ್ಸಿಯಸ್ ನೀರನ್ನು 60 ಡಿಗ್ರಿಗೆ ಕಾಯಿಸಲು ಸುಮಾರು 20 ನಿಮಿಷ ಹಿಡಿಯುತ್ತದೆ, ಮುಕ್ಕಾಲು ಯೂನಿಟ್‌ಗಿಂತ ಸ್ವಲ್ಪ ಕಡಿಮೆ ವಿದ್ಯುತ್ ಬಳಸುತ್ತದೆ. ಆ ನೀರಿಗೆ ತಣ್ಣೀರು ಬೆರೆಸಿ 40 ಡಿಗ್ರಿಗೆ ತಂದರೆ ಸುಮಾರು 30 ಲೀಟರ್, ಅಂದರೆ ಎರಡು ಬಕೆಟ್ ಆಗುತ್ತದೆ. ಬಕೆಟ್ಟಿನಲ್ಲಿ ಮಿಂದೇಳುವ ನಾಲ್ಕು ಜನರ ಮನೆಗೆ, ಒಬ್ಬರಾದ ಮೇಲೆ ಒಬ್ಬರು ಸ್ವಲ್ಪ ಬಿಡುವು ಕೊಟ್ಟು ಸ್ನಾನ ಮಾಡುವುದಾದರೆ, 15 ಲೀಟರಿನದೇ ಸಾಕು ಎಂಬುದು ನನ್ನ ಅಭಿಪ್ರಾಯ; ಷವರ್ ಬಳಸುವವರು 25 ಲೀಟರಿನದನ್ನು ನೋಡಬಹುದು. ಡಬ್ಬದ ಮೇಲೆ ಐಎಸ್‌ಐ ಗುರುತು ಮತ್ತು ಸಂಗ್ರಹ ಮಾದರಿಯ ಗೀಸರಿಗೆ ಅನ್ವಯಿಸುವ ಐಎಸ್ 2082 ಎಂಬ ಸಂಖ್ಯೆ ಇರಲೇಬೇಕು. ಸ್ಟಾರ್ ಹೆಚ್ಚಿದ್ದಷ್ಟೂ ಕಾದ ನೀರು ಬೇಗ ಆರುವುದಿಲ್ಲ ಎಂದರ್ಥ. ಕರೆಂಟಿನ ಭಯಕ್ಕೆ ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲುಮನೆಯೊಳಗೆ ಹಾಕಿಸುವವರೂ ಇದ್ದಾರೆ. ಗಾಳಿಯಾಡದ ಕೋಣೆಯಲ್ಲಿ ಅದು ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಬಿಡುವುದರಿಂದ ಪ್ರಾಣಕ್ಕೇ ಅಪಾಯ.

ಮೊದಲ ಕೆಲಸ: ಅರ್ಥಿಂಗ್ ಪರೀಕ್ಷೆ

ಗೀಸರ್ ಮನೆಗೆ ಬರುವ ಮೊದಲೇ, ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಅರ್ಥಿಂಗ್ ನೋಡಿಸಬೇಕು. ಇದು ಏಕೆ ಮುಖ್ಯವೆಂದು ಒಂದು ಸರಳ ಲೆಕ್ಕ ಹೇಳುತ್ತದೆ. ಎಲಿಮೆಂಟು ಒಡೆದು ಕರೆಂಟು ಗೀಸರಿನ ಮೈಗೆ ತಗುಲಿದೆ ಎಂದುಕೊಳ್ಳಿ. ಅರ್ಥಿಂಗ್ ಗುಂಡಿ ಒಣಗಿ ಅದರ ರೋಧ 100 ಓಮ್ ಆಗಿದ್ದರೆ 230 ವೋಲ್ಟಿಗೆ ಹರಿಯುವುದು 2.3 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ (ಮಿತಿ ಮೀರಿ ಕರೆಂಟು ಹರಿದರೆ ತಾನೇ ಬೀಳುವ ಸ್ವಿಚ್) ಅದನ್ನು ಮಾಮೂಲಿ ಬಳಕೆಯೆಂದೇ ತಿಳಿದು ಸುಮ್ಮನಿರುತ್ತದೆ, ಗೀಸರಿನ ಮೈ ಮತ್ತು ನಲ್ಲಿಯ ನೀರು ಕರೆಂಟಿನಲ್ಲೇ ಇರುತ್ತವೆ. ರೋಧ 5 ಓಮ್‌ಗೆ ಇಳಿದಿದ್ದರೂ ಹೆಚ್ಚೆಂದರೆ 46 ಆಂಪಿಯರ್ ಹರಿಯಬಹುದು, ಅಷ್ಟಕ್ಕೆ ಎಂಸಿಬಿ ಬೀಳಲು ಹಲವು ಸೆಕೆಂಡುಗಳೇ ಬೇಕಾಗುತ್ತವೆ. ಅದಕ್ಕೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು: ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ಅಷ್ಟು ಅಲ್ಪ ವ್ಯತ್ಯಾಸ ಬಂದರೂ ಅದು ಕ್ಷಣಾರ್ಧದಲ್ಲಿ ಲೈನ್ ಕಡಿಯುತ್ತದೆ. ಎಂಸಿಬಿ ಇದೆಯಲ್ಲ, ಶಾಕ್ ಹೊಡೆಯುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಹಳ ವ್ಯಾಪಕವಾಗಿದೆ. ಎಂಸಿಬಿ ಇರುವುದು ವೈರು ಸುಡದಂತೆ ಕಾಯಲು. ಮನುಷ್ಯನನ್ನು ಕಾಯುವ ಕೆಲಸ ಆರ್‌ಸಿಸಿಬಿಯದು. ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಅದು ಬೀಳುತ್ತದೆಯೇ ಎಂದು ನೋಡಬೇಕು.

ಭದ್ರಾ ನಾಲೆಯ ಬಯಲಿನ ಕಪ್ಪು ಮಣ್ಣಿನಲ್ಲಿ ಅರ್ಥಿಂಗ್ ಕೊಡುವುದು ಕಷ್ಟವಲ್ಲ, ಏಕೆಂದರೆ ಆ ಮಣ್ಣು ತೇವ ಹಿಡಿದುಕೊಳ್ಳುತ್ತದೆ. ಚಿತ್ರದುರ್ಗದ ಬೆಟ್ಟದ ಬುಡದಲ್ಲಾಗಲಿ ಜಗಳೂರು, ಮೊಳಕಾಲ್ಮುರು ಕಡೆಯಾಗಲಿ ನಾಲ್ಕೈದು ಅಡಿ ಅಗೆಯುವಷ್ಟರಲ್ಲಿ ಬಂಡೆ ಸಿಗುವ ಜಾಗಗಳಿವೆ. ಅಂಥಲ್ಲಿ ಅರ್ಥಿಂಗ್ ಗುಂಡಿಯಲ್ಲಿ ನಿಲ್ಲಿಸುವ ಲೋಹದ ಕೊಳವೆಯನ್ನು ಅರ್ಧಕ್ಕೆ ಕತ್ತರಿಸಿ ಹೂಳುವ ಕೆಟ್ಟ ಪದ್ಧತಿಯೊಂದಿದೆ, ಅದಕ್ಕೆ ಒಪ್ಪಲೇಬಾರದು. ಅರ್ಥಿಂಗ್ ಕುರಿತ ಭಾರತೀಯ ಮಾನಕ ಐಎಸ್ 3043ರ ಪ್ರಕಾರ ಕೊಳವೆ ಕನಿಷ್ಠ 2.5 ಮೀಟರ್ ಉದ್ದವಿರಬೇಕು; ಬಂಡೆ ಅಡ್ಡ ಬಂದರೆ ಅದನ್ನು ಲಂಬದಿಂದ 30 ಡಿಗ್ರಿ ಮೀರದಂತೆ ಓರೆಯಾಗಿ ಹೂಳಬಹುದು, ಉದ್ದವನ್ನು ಮಾತ್ರ ಕಡಿಮೆ ಮಾಡುವಂತಿಲ್ಲ. ಒಂದು ಗುಂಡಿಯಿಂದ ರೋಧ ಇಳಿಯದಿದ್ದರೆ, ಕೊಳವೆಯ ಉದ್ದಕ್ಕಿಂತ ಹೆಚ್ಚಿನ ಅಂತರದಲ್ಲಿ ಇನ್ನೊಂದು ಗುಂಡಿ ತೆಗೆದು ಎರಡನ್ನೂ ಜೋಡಿಸಬೇಕು. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಫೆಬ್ರವರಿಯಿಂದ ಮಳೆ ಬೀಳುವವರೆಗೆ ವಾರಕ್ಕೆ ಒಂದೆರಡು ಕೊಡ ನೀರು ಹಾಕುವುದನ್ನು ಮನೆಯವರು ರೂಢಿಸಿಕೊಳ್ಳಬೇಕು. ಹೊಸ ಮನೆಗಳಲ್ಲಿ ಅಂಗಳಕ್ಕೆ ಟೈಲ್ಸ್ ಹಾಕುವಾಗ ಈ ಗುಂಡಿಯನ್ನೇ ಮುಚ್ಚಿಬಿಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಮುಚ್ಚಳವಿಟ್ಟು ನೀರು ಸುರಿಯಲು ಬಾಯಿ ಬಿಡುವುದು ಎಷ್ಟೂ ಖರ್ಚಿನ ಕೆಲಸವಲ್ಲ.

ಇಲ್ಲಿ ಇನ್ನೊಂದು ಮೋಸವನ್ನು ಹೇಳಲೇಬೇಕು. ಗೀಸರ್ ಕೂರಿಸಲು ಬರುವವರು ಸಾಕೆಟ್ಟಿನಲ್ಲಿ ಕರೆಂಟು ತರುವ ಫೇಸ್‌ಗೂ ಅರ್ಥ್‌ಗೂ ನಡುವೆ 230 ವೋಲ್ಟಿನ ಆಸುಪಾಸು ತೋರಿಸುತ್ತದೆಯೇ ಎಂದು ಮೀಟರ್ ಇಟ್ಟು ನೋಡುತ್ತಾರೆ. ಅರ್ಥಿಂಗ್ ಇಲ್ಲದ ಮನೆಗಳಲ್ಲಿ ಆ ಅಂಕಿ ಬರಲೆಂದು ಸಾಕೆಟ್ಟಿನ ಹಿಂದೆ, ಕರೆಂಟು ಮರಳಿ ಹೋಗುವ ನ್ಯೂಟ್ರಲ್ ತಿರುಪಿನಿಂದ ಅರ್ಥ್ ತಿರುಪಿಗೆ ಒಂದು ತುಂಡು ವೈರ್ ಬಿಗಿದಿರುತ್ತಾರೆ. ಮೀಟರ್ ಸರಿಯಾಗಿಯೇ ತೋರಿಸುತ್ತದೆ, ಗೀಸರೂ ಕೆಲಸ ಮಾಡುತ್ತದೆ. ಆದರೆ ಎಲ್ಲೋ ಒಂದು ಕಡೆ ನ್ಯೂಟ್ರಲ್ ವೈರ್ ಕಡಿದ ದಿನ ಫೇಸಿನ ಕರೆಂಟು ಎಲಿಮೆಂಟಿನ ಮೂಲಕ ಬಂದು, ಆ ತುಂಡು ವೈರಿನಿಂದಲೇ ಗೀಸರಿನ ಮೈಗೆ ಹತ್ತುತ್ತದೆ. ಎಲಿಮೆಂಟು ಹೊಸದಾಗಿದ್ದರೂ ಇದು ತಪ್ಪುವುದಿಲ್ಲ. ಆದ್ದರಿಂದ ಮೇನ್ ಆಫ್ ಮಾಡಿಸಿ, ಸಾಕೆಟ್ಟಿನ ಪ್ಲೇಟ್ ಬಿಚ್ಚಿಸಿ, ಹಸಿರು ವೈರ್ ಗೋಡೆಯೊಳಗಿಂದ ಬಂದಿದೆಯೇ ಅಥವಾ ಕಪ್ಪು ವೈರಿನ ತಿರುಪಿನಿಂದ ಹೊರಟಿದೆಯೇ ಎಂದು ಕಣ್ಣಾರೆ ನೋಡಿ. ಹಳೆಯ ಮನೆಗಳಲ್ಲಿ ನೀರಿನ ಪೈಪಿಗೆ ಅರ್ಥ್ ಕಟ್ಟಿರುವುದೂ ಇದೇ ಜಾತಿಯ ತಪ್ಪು.

ವೈರಿಂಗ್, ಸಾಕೆಟ್

2,000 ವ್ಯಾಟಿನ ಗೀಸರ್ 8.7 ಆಂಪಿಯರ್, 3,000 ವ್ಯಾಟಿನದು 13 ಆಂಪಿಯರ್ ಎಳೆಯುತ್ತದೆ. ಹಾಗಾಗಿ 6 ಆಂಪಿಯರಿನ ಸಾಮಾನ್ಯ ಪ್ಲಗ್ಗಿಗೆ ಇದನ್ನು ಹಾಕುವಂತಿಲ್ಲ. 16 ಆಂಪಿಯರಿನ ಸಾಕೆಟ್, ಮೀಟರ್ ಬೋರ್ಡಿನಿಂದ ಪ್ರತ್ಯೇಕವಾಗಿ ಎಳೆದ 2.5 ಚದರ ಮಿಲಿಮೀಟರಿನ ತಾಮ್ರದ ವೈರ್ (3,000 ವ್ಯಾಟಿಗೆ, ದೂರ ಹೆಚ್ಚಿದ್ದರೆ 4 ಚದರ ಮಿಲಿಮೀಟರ್), ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಎರಡು ಪೋಲಿನ ಸ್ವಿಚ್ ಬೇಕು. ಸ್ವಿಚ್ ಬಚ್ಚಲುಮನೆಯ ಹೊರಗಿರಲಿ. ಒಳಗಿನ ಸಾಕೆಟ್ ಷವರಿನ ನೀರು ಸಿಡಿಯದಷ್ಟು ದೂರದಲ್ಲಿ, ಗೀಸರಿನ ಎತ್ತರದಲ್ಲೇ ಇರಬೇಕು. ಎಕ್ಸ್‌ಟೆನ್ಷನ್ ಬಾಕ್ಸಿನ ಮಾತೇ ಬೇಡ.

ಗೋಡೆ ಮತ್ತು ಪೈಪು

ನೀರು ತುಂಬಿದ 15 ಲೀಟರಿನ ಗೀಸರ್ 20 ಕಿಲೋಗಿಂತ ಹೆಚ್ಚು ತೂಗುತ್ತದೆ. ಸಿಮೆಂಟ್ ಗಾರೆಯ ಇಟ್ಟಿಗೆ ಗೋಡೆ, ಗಟ್ಟಿ ಬ್ಲಾಕ್ ಗೋಡೆಗಳಲ್ಲಿ ಆಂಕರ್ ಬೋಲ್ಟು ಚೆನ್ನಾಗಿ ಹಿಡಿಯುತ್ತದೆ. ಚಿತ್ರದುರ್ಗದ ಕೋಟೆಯ ಸುತ್ತಲಿನ ಹಳೆಯ ಕೇರಿಗಳಲ್ಲಿರುವಂಥ ಮಣ್ಣುಗಾರೆಯ ಕಲ್ಲುಗೋಡೆಯಲ್ಲಿ ಅದು ನಿಲ್ಲುವುದಿಲ್ಲ. ಅಲ್ಲಿ ಗೋಡೆಯ ಆಚೆಗೂ ಬೋಲ್ಟು ಹಾಯಿಸಿ ಹಿಂದೆ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯಬೇಕು. ನಿಲ್ಲಿಸುವ ಮಾದರಿಯನ್ನು ಅಡ್ಡಲಾಗಿ ಕೂರಿಸಬಾರದು, ಹಾಗೆ ಮಾಡಿದರೆ ಎಲಿಮೆಂಟಿನ ಒಂದು ಭಾಗ ನೀರಿನಿಂದ ಹೊರಗುಳಿದು ಸುಟ್ಟುಹೋಗಬಹುದು. ಕೆಳಗಿನ ಮುಚ್ಚಳ ಬಿಚ್ಚಿ ಎಲಿಮೆಂಟು ಎಳೆಯಲು ಒಂದಡಿಯಾದರೂ ಜಾಗವಿರಲಿ.

ನೀಲಿ ಗುರುತಿನ ಬಾಯಿಗೆ ತಣ್ಣೀರು, ಕೆಂಪು ಗುರುತಿನ ಬಾಯಿಯಿಂದ ಬಿಸಿನೀರು. ಬಿಸಿನೀರಿನ ಸಾಲಿಗೆ ಶಾಖ ತಾಳುವ ಸಿಪಿವಿಸಿ ಪೈಪನ್ನೇ ಹಾಕಿಸಬೇಕು. ತೋಟಕ್ಕೆ ಬಳಸುವ ಮಾಮೂಲಿ ಪಿವಿಸಿ ಪೈಪು 60 ಡಿಗ್ರಿಯ ಶಾಖಕ್ಕೆ ಮೆತ್ತಗಾಗಿ ಜಾಯಿಂಟಿನಲ್ಲಿ ಬಿಡುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಅಥವಾ ಪ್ರೆಷರ್ ಪಂಪ್ ಇರುವ ಮನೆಯಲ್ಲಿ 8 ಬಾರ್ ಒತ್ತಡ ತಾಳುವ ಮಾದರಿ ಬೇಕು.

ತಣ್ಣೀರಿನ ಬಾಯಿಗೆ ಗೀಸರಿನ ಜೊತೆಗೇ ಬರುವ ಸೇಫ್ಟಿ ವಾಲ್ವನ್ನು, ಅದರ ಮೇಲಿನ ಬಾಣದ ಗುರುತು ಗೀಸರಿನ ಕಡೆಗೆ ಇರುವಂತೆ ಜೋಡಿಸಬೇಕು. ಮಾಳಿಗೆಯ ಟ್ಯಾಂಕ್ ಬರಿದಾದಾಗ ಗೀಸರಿನ ನೀರು ಹಿಂದಕ್ಕೆ ಹರಿದುಹೋಗದಂತೆ ಇದು ತಡೆಯುತ್ತದೆ, ಒಳಗೆ ಒತ್ತಡ ಮೀರಿದರೆ ಹೊರಬಿಡುತ್ತದೆ. ನೀರು 22ರಿಂದ 60 ಡಿಗ್ರಿಗೆ ಕಾದಾಗ ನೂರಕ್ಕೆ ಒಂದೂವರೆಯಷ್ಟು ಹಿಗ್ಗುತ್ತದೆ. 15 ಲೀಟರಿನಲ್ಲಿ ಅದು ದೊಡ್ಡದೊಂದು ಲೋಟದಷ್ಟು ನೀರು. ನಲ್ಲಿಗಳೆಲ್ಲ ಮುಚ್ಚಿರುವಾಗ ಹಿಗ್ಗಿದ ನೀರು ಈ ವಾಲ್ವಿನಿಂದ ಹನಿಹನಿಯಾಗಿ ಬರಬಹುದು. ಸೋರುತ್ತಿದೆ ಎಂದು ಕೆಲವರು ಆ ಪುಟ್ಟ ಬಾಯಿಗೆ ಕಡ್ಡಿ ತುರುಕುತ್ತಾರೆ, ಎಂಸೀಲ್ ಮೆತ್ತುತ್ತಾರೆ. ಅದು ಗೀಸರಿನ ಟ್ಯಾಂಕ್ ಸಿಡಿಯಲು ನಾವೇ ದಾರಿ ಮಾಡಿಕೊಟ್ಟಂತೆ. ಹನಿಯುವುದು ಕಿರಿಕಿರಿಯಾದರೆ ಆ ಬಾಯಿಗೆ ಸಣ್ಣ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಚ್ಚಲಿನ ಮೋರಿಗೆ ತೆರೆದೇ ಬಿಡಬೇಕು.

ಮೊದಲ ಸಲ ಹಚ್ಚುವುದು, ಆಮೇಲಿನ ಬಳಕೆ

ಸ್ವಿಚ್ ಹಾಕುವ ಮುನ್ನ ಬಿಸಿನೀರಿನ ನಲ್ಲಿ ತೆರೆದಿಟ್ಟು, ಗಾಳಿ ಬುಸುಗುಟ್ಟುವುದು ನಿಂತು ನೀರು ಒಂದೇ ಧಾರೆಯಾಗಿ ಬರುವವರೆಗೆ ಕಾಯಬೇಕು. ಖಾಲಿ ಗೀಸರಿಗೆ ಕರೆಂಟು ಕೊಟ್ಟರೆ ಹೊಸ ಎಲಿಮೆಂಟು ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಆಮೇಲೆ, ನೀರು ಬೇಕಾದಷ್ಟು ಕಾದೊಡನೆ ಕರೆಂಟು ನಿಲ್ಲಿಸುವ ಥರ್ಮೋಸ್ಟಾಟನ್ನು 50ರಿಂದ 55 ಡಿಗ್ರಿಯ ಹತ್ತಿರ ಇಡಿ. 60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲಿ ದೊಡ್ಡವರ ಚರ್ಮವನ್ನೇ ಸುಡುತ್ತದೆ, ಮಕ್ಕಳಿಗೆ ಮತ್ತು ವಯಸ್ಸಾದವರಿಗೆ ಇನ್ನೂ ಬೇಗ. ಬಕೆಟ್ಟಿಗೆ ಮೊದಲು ತಣ್ಣೀರು, ಅದರ ಮೇಲೆ ಬಿಸಿನೀರು ಬಿಡುವ ಅಭ್ಯಾಸ ಒಳ್ಳೆಯದು. ವಾರಗಟ್ಟಲೆ ಊರಿಗೆ ಹೋಗಿ ಬಂದಾಗ ಮಾತ್ರ ಒಮ್ಮೆ 60 ಡಿಗ್ರಿಗೆ ಕಾಯಿಸಿ, ನಿಂತ ನೀರನ್ನು ಹೊರಬಿಟ್ಟು ಬಳಸಬೇಕು, ಏಕೆಂದರೆ ಉಗುರುಬೆಚ್ಚಗೆ ನಿಂತ ನೀರಿನಲ್ಲಿ ರೋಗಾಣುಗಳು ಬೆಳೆಯಬಹುದು.

ಸ್ನಾನಕ್ಕೆ 20 ನಿಮಿಷ ಮೊದಲು ಹಾಕಿ, ಒಳಗೆ ಕಾಲಿಡುವ ಮುನ್ನ ಹೊರಗಿನ ಸ್ವಿಚ್ ಆಫ್ ಮಾಡುವುದು ಎಲ್ಲಕ್ಕಿಂತ ಕ್ಷೇಮ. ಥರ್ಮೋಸ್ಟಾಟು ತಾನೇ ನಿಲ್ಲಿಸುತ್ತದೆ ಎಂಬುದು ನಿಜ, ಆದರೆ ಅದು ಕೆಡುವುದೂ ಉಂಟು. ನಲ್ಲಿ ಮುಟ್ಟಿದಾಗ ಒಂದೇ ಒಂದು ಸಲ ಕೈ ಜುಮ್ ಎಂದರೂ ಅದನ್ನು ಕಡೆಗಣಿಸದೆ ಮೇನ್ ಆಫ್ ಮಾಡಿ, ರಿಪೇರಿಯಾಗುವವರೆಗೆ ಗೀಸರನ್ನು ಮುಟ್ಟಬೇಡಿ. ಯಾರಿಗಾದರೂ ಶಾಕ್ ಹೊಡೆದಿದ್ದರೆ ಅವರನ್ನು ಹಿಡಿದೆಳೆಯಲು ಹೋಗದೆ ಮೊದಲು ಮೇನ್ ಆಫ್ ಮಾಡಿ, ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ, 108ಕ್ಕೆ ಕರೆ ಮಾಡಬೇಕು. ಬೀದಿಯ ಲೈನಿನ ದೋಷವೆಂದು ಕಂಡರೆ ಬೆಸ್ಕಾಂನ 1912 ಇದೆ.

ಬೋರ್ ನೀರಿನ ಮನೆಗಳಿಗೆ

ದಾವಣಗೆರೆಗೆ ತುಂಗಭದ್ರೆಯ ನೀರು, ಚಿತ್ರದುರ್ಗಕ್ಕೆ ಶಾಂತಿಸಾಗರ ಮತ್ತು ವಾಣಿವಿಲಾಸ ಸಾಗರದ ನೀರು ಬರುತ್ತದೆ. ನಲ್ಲಿ ನೀರಷ್ಟನ್ನೇ ಬಳಸುವ ಮನೆಗಳಲ್ಲಿ ಗೀಸರ್ ಹೆಚ್ಚು ತೊಂದರೆ ಕೊಡುವುದಿಲ್ಲ. ಬೋರ್ ನೀರಿನ ಮನೆಗಳ ಕಥೆ ಬೇರೆ. ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲವೆಂದಾಗ 600ರವರೆಗೆ ಒಪ್ಪಬಹುದು. ಸೋಪು ನೊರೆ ಬಾರದ, ನಲ್ಲಿಯ ಮೂತಿಗೆ ಬಿಳಿ ಕಟ್ಟುವ ಸವುಳು ನೀರನ್ನು ಒಮ್ಮೆ ಪ್ರಯೋಗಾಲಯಕ್ಕೆ ಕೊಟ್ಟು ಅಳೆಸಿ ನೋಡಬೇಕು. ಅಂಥ ನೀರು ಕಾದಾಗ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಸುಣ್ಣದ ಕಲ್ಲಾಗಿ ಬೇರ್ಪಟ್ಟು ಎಲ್ಲಕ್ಕಿಂತ ಬಿಸಿಯಾದ ಜಾಗವನ್ನೇ, ಅಂದರೆ ಎಲಿಮೆಂಟನ್ನೇ ಹುಡುಕಿ ಕೂರುತ್ತದೆ. ವರ್ಷವಿಡೀ ಬೋರ್ ನೀರಿನಲ್ಲಿ ದುಡಿದ ಎಲಿಮೆಂಟನ್ನು ಹೊರತೆಗೆದರೆ ತಾಮ್ರದ ಬಣ್ಣವೇ ಕಾಣುವುದಿಲ್ಲ. ಬೂದುಬಿಳಿಯ ಒರಟು ಪದರ ಸುತ್ತಿಕೊಂಡು ಕೊಳವೆ ದಪ್ಪವಾಗಿರುತ್ತದೆ, ಉಗುರಿನಿಂದ ಕೆರೆದರೆ ಹಪ್ಪಳದ ಚೂರಿನಂತೆ ಚಕ್ಕೆ ಏಳುತ್ತದೆ. ಈ ಪದರದಿಂದ ಶಾಖ ನೀರಿಗೆ ದಾಟದೆ ಎಲಿಮೆಂಟಿನಲ್ಲೇ ಉಳಿಯುತ್ತದೆ, ಅದರ ಹೊರಕವಚ ಬಿರಿಯುತ್ತದೆ, ಬಿರುಕಿನಿಂದ ನೀರು ಒಳಗಿನ ತಂತಿಗೆ ತಲುಪುತ್ತದೆ. ಆರ್‌ಸಿಸಿಬಿ ಪದೇಪದೇ ಬೀಳುತ್ತಿದ್ದರೆ ಇದನ್ನೇ ಮೊದಲು ಶಂಕಿಸಬೇಕು. ಆರ್‌ಸಿಸಿಬಿಯನ್ನೇ ತೆಗೆಸಿ ನೇರ ಜೋಡಣೆ ಕೊಡಿಸುವುದು ಆತ್ಮಹತ್ಯೆಗೆ ಸಮ. ಗೀಸರ್ ನೀರನ್ನು ಅಡುಗೆಗೂ ಕುಡಿಯಲೂ ಬಳಸಬೇಡಿ: ನಮ್ಮ ಭಾಗದ ಅನೇಕ ಬೋರ್‌ಗಳಲ್ಲಿರುವ ಫ್ಲೋರೈಡ್ ಕಾಯಿಸಿದರೆ ಹೋಗುವುದಿಲ್ಲ.

ಬೋರ್ ನೀರಿನ ಮನೆಯಲ್ಲಿ ಆರು ತಿಂಗಳಿಗೊಮ್ಮೆ, ನಲ್ಲಿ ನೀರಿನ ಮನೆಯಲ್ಲಿ ವರ್ಷಕ್ಕೊಮ್ಮೆ ಗೀಸರನ್ನು ತೆರೆಸಿ ನೋಡಬೇಕು. ಎಂಸಿಬಿ ಇಳಿಸಿ, ಪ್ಲಗ್ ಕಿತ್ತು, ನೀರು ಆರಿದ ಮೇಲೆ ತಣ್ಣೀರಿನ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿದ ನಂತರವೇ ಕೆಳಗಿನ ಮುಚ್ಚಳ ಬಿಚ್ಚತಕ್ಕದ್ದು. ಎಲಿಮೆಂಟಿನ ಪದರವನ್ನು ಸುತ್ತಿಗೆಯಿಂದ ಬಡಿಯದೆ, ಸಿಟ್ರಿಕ್ ಆಮ್ಲದ ನೀರಿನಲ್ಲಿ ನೆನೆಸಿ ಮರದ ಚಕ್ಕೆಯಿಂದ ಬಿಡಿಸಬೇಕು. ಅದರ ಪಕ್ಕದಲ್ಲಿರುವ ಮೆಗ್ನೀಸಿಯಂ ಕಡ್ಡಿ, ಟ್ಯಾಂಕಿಗೆ ತುಕ್ಕು ಹಿಡಿಯುವ ಬದಲು ತಾನು ಸವೆಯುವಂಥದ್ದು; ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಬೇಕು. ಹಳೆಯ ರಬ್ಬರ್ ವಾಷರನ್ನೇ ಮತ್ತೆ ಹಾಕಲು ಬಿಡಬೇಡಿ, ಹೊಸದನ್ನು ಮೊದಲೇ ತರಿಸಿಟ್ಟುಕೊಳ್ಳಿ. ಮುಚ್ಚಳ ಬಿಗಿದು ನೀರು ತುಂಬಿದ ಮೇಲೆ ಹದಿನೈದು ನಿಮಿಷ ಹಾಗೆಯೇ ಬಿಟ್ಟು, ವಾಷರಿನ ಸುತ್ತ ಒಣ ಬಟ್ಟೆ ಒತ್ತಿ ತೇವವಿಲ್ಲವೆಂದು ಖಚಿತವಾದರೆ ಸ್ವಿಚ್ ಹಾಕಬಹುದು.