ರೇಷ್ಮೆ ಗೂಡಿಗೆ ಕುದಿಸದೆ ಬಣ್ಣ ಹಾಕಿದೆ: ನನ್ನ ಅನುಭವ

ಕತ್ತರಿಸಿ ಹೂ, ಹಾರ ಮಾಡುವ ರೇಷ್ಮೆ ಗೂಡಿಗೆ ನೀರು ಕುದಿಸದೆ ಬಣ್ಣ ಹಿಡಿಸಬಹುದು. ಈ ಮಾತನ್ನು ಮೊದಲು ಹೇಳಿದಾಗ ಶಿಡ್ಲಘಟ್ಟದಲ್ಲಿ ಯಾರೂ ನಂಬಲಿಲ್ಲ. ಬಿಚ್ಚಾಣಿಕೆ, ಅಂದರೆ ಗೂಡಿನಿಂದ ನೂಲು ತೆಗೆಯುವ ಕೆಲಸ, ಮಾಡುವ ನನ್ನ ಸೋದರಮಾವ ನಂಬಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ನೂಲಿಗೆ ಬಣ್ಣ ಹಾಕುವ ಅವರ ಸ್ನೇಹಿತರಂತೂ ತಲೆಯಲ್ಲಾಡಿಸಿಬಿಟ್ಟರು. ಗೂಡಿನ ಹಾರ ಕಟ್ಟುವ ತರಬೇತಿ ಪಡೆದು ಬಂದಿದ್ದ ನಮ್ಮ ಬೀದಿಯ ಅಕ್ಕ ಕೂಡ, ಹಾಗೆ ಹಾಕಿದ ಬಣ್ಣ ಒಂದು ಹಬ್ಬಕ್ಕೂ ಬಾಳುವುದಿಲ್ಲ ಎಂದರು. ಕಳೆದ ದೀಪಾವಳಿಗೆ ನಾನು ಕೊಟ್ಟ ಹಾರಗಳು ಯುಗಾದಿ ಕಳೆದ ಮೇಲೂ ದಳ ಮುದುಡದೆ, ಬಣ್ಣ ಮಾಸದೆ ದೇವರ ಪಟಗಳ ಮೇಲೆ ಇವೆ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಈ ಕೆಲಸ ಮಾಡುವವರಿಗೆ ಕತ್ತರಿ, ತಂತಿ, ಗ್ಲೂ ಗನ್ ಬಗ್ಗೆ ಹೇಳಿಕೊಡಬೇಕಾಗಿಲ್ಲ. ನೇರವಾಗಿ ಗೂಡಿಗೆ ಬರುತ್ತೇನೆ.

ನಾನು ಬಳಸುವುದು ತೂತು ಗೂಡು ಮಾತ್ರ. ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಚಿಟ್ಟೆ ಹೊರಬಂದ ಮೇಲೆ ಉಳಿಯುವ ಖಾಲಿ ಗೂಡು ಅದು. ಎಳೆ ತುಂಡಾಗಿರುವುದರಿಂದ ಬಿಚ್ಚಾಣಿಕೆಗೆ ಬಾರದು. ಕಿಲೋಗೆ 800 ರೂಪಾಯಿ ಎಂದಾಗ ಅಮ್ಮ ಗಾಬರಿಯಾದರು, ಏಕೆಂದರೆ ಆ ವಾರ ಮಾರುಕಟ್ಟೆಯಲ್ಲಿ ಒಳ್ಳೆಯ ದ್ವಿತಳಿ ಹುಳುವಿನ (ಬಿಳಿ ಗೂಡು ಕಟ್ಟುವ ತಳಿ) ಹಸಿ ಗೂಡೇ ಅದಕ್ಕಿಂತ ಕಡಿಮೆಗೆ ಹರಾಜಾಗಿತ್ತು. ಆದರೆ ಲೆಕ್ಕ ಬೇರೆ. ಹಸಿ ಗೂಡಿನ ತೂಕದಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಒಳಗಿನ ಕೋಶದ್ದು, ಅಂದರೆ ಚಿಟ್ಟೆಯಾಗಲಿರುವ ಹುಳುವಿನದು. ಹಸಿ ಗೂಡನ್ನು ಕಿಲೋಗೆ 500–600 ಕೊಟ್ಟು ತಂದರೆ, ಕೋಶದ ತೂಕ ಕಳೆದು ಉಳಿಯುವ ಗೂಡಿಗೆ ಕಿಲೋಗೆ 2,500–3,000 ಬೀಳುತ್ತದೆ. ತೂತು ಗೂಡಾದರೆ ಒಂದು ರೂಪಾಯಿಗೆ ಮೂರು! ಚಿಟ್ಟೆ ಹೊರಬರುವಾಗ ಬಿಡುವ ಕಂದು ಕಲೆ ಕೆಲವಕ್ಕೆ ಇರುತ್ತದೆ. ಅವನ್ನು ಬೇರೆ ತೆಗೆದಿಟ್ಟು ಕುಂಕುಮ ಕೆಂಪಿಗೆ, ನೇರಳೆಗೆ ಹಾಕುತ್ತೇನೆ. ಬಿಳಿ ಮಲ್ಲಿಗೆಗೆ ಕಲೆಯಿಲ್ಲದವು ಮಾತ್ರ.

ರೇಷ್ಮೆ ಹುಳುವಿನ ಮೇಲೆ ಮೊಟ್ಟೆಯಿಡುವ ಊಜಿ ನೊಣ ಹೊಡೆದ ಗೂಡು ಅರ್ಧ ಬೆಲೆಗೆ ಸಿಗುತ್ತದೆ. ದಯವಿಟ್ಟು ಅದರ ಆಸೆಗೆ ಬೀಳಬೇಡಿ. ಊಜಿಯ ಮರಿಹುಳು ಸಣ್ಣ ತೂತು ಕೊರೆದು ಹೊರಹೋಗಿರುತ್ತದೆ, ಸತ್ತ ಕೋಶ ಒಳಗೇ ಉಳಿದಿರುತ್ತದೆ. ಒಂದು ಚೀಲ ತಂದು ಅಟ್ಟದ ಮೇಲೆ ಇಟ್ಟಿದ್ದೆ. ತಿಂಗಳಾಗುವಷ್ಟರಲ್ಲಿ ಮನೆಯೆಲ್ಲ ವಾಸನೆ ಹಿಡಿದು, ಕಪ್ಪು ದುಂಬಿಗಳು ಬಂದು, ಪಕ್ಕದಲ್ಲಿದ್ದ ಒಳ್ಳೆಯ ಗೂಡಿಗೂ ಬಾಯಿ ಹಾಕಿದವು. 1,200 ರೂಪಾಯಿ ತಿಪ್ಪೆಗೆ ಹೋಯಿತು.

ಈಗ ಬಣ್ಣದ ವಿಷಯ. ಎಲ್ಲರೂ ಹೇಳಿದಂತೆ ಮೊದಲು ಕುದಿಸಿಯೇ ನೋಡಿದೆ. ಬಣ್ಣವೇನೋ ಚೆನ್ನಾಗಿಯೇ ಹಿಡಿಯಿತು, ಆದರೆ ಗೂಡು ನೆನೆದ ಹಪ್ಪಳದ ಹಾಗೆ ಕುಸಿದು ಒಂದಕ್ಕೊಂದು ಅಂಟಿಕೊಂಡಿತು. ಒಣಗಿದ ಮೇಲೆ ಕತ್ತರಿ ಹಾಕಿದರೆ ದಳದ ಅಂಚು ಹತ್ತಿಯಂತೆ ಬಿಚ್ಚಿಕೊಳ್ಳುತ್ತಿತ್ತು. ಹೊತ್ತು ಕಡಿಮೆ ಮಾಡಿದೆ, ಉಪ್ಪು ಹಾಕಿದೆ, ಬಟ್ಟೆಯಲ್ಲಿ ಕಟ್ಟಿ ಅದ್ದಿದೆ. ಏನು ಮಾಡಿದರೂ ಮೇಲಿನ ಪದರ ಸಡಿಲವಾಗುತ್ತಿತ್ತು. ಅರ್ಧ ಕಿಲೋಗಿಂತ ಹೆಚ್ಚು ಗೂಡು ಹೀಗೆ ಹಾಳಾಯಿತು.

ಉತ್ತರ ಮಾವನ ಘಟಕದಲ್ಲೇ ಇತ್ತು. ಗೂಡನ್ನು ಕುದಿಯುವ ನೀರಿಗೆ ಹಾಕಿದರೆ ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಮೆತ್ತಗಾಗುತ್ತದೆ. ಅದಕ್ಕೇ ಬಿಚ್ಚಾಣಿಕೆದಾರರು ಗೂಡನ್ನು ಬೇಯಿಸುತ್ತಾರೆ. ಮುಂದೆ ಬಣ್ಣದವರು ಸೋಪು, ಸೋಡಾ ಹಾಕಿ ಕುದಿಸಿ ಉಳಿದ ಅಂಟನ್ನೂ ತೆಗೆಯುತ್ತಾರೆ. ಕಚ್ಚಾ ನೂಲಿನ ತೂಕದಲ್ಲಿ ಸುಮಾರು ಕಾಲು ಭಾಗ ಹೀಗೆ ನೀರಿಗೆ ಹೋಗುತ್ತದೆ. ಅವರಿಗೆ ಎಳೆ ಬಿಚ್ಚಬೇಕು, ಹೊಳಪು ಬೇಕು, ಸೀರೆ ಒಗೆದರೂ ಬಣ್ಣ ನಿಲ್ಲಬೇಕು. ನನಗೆ ಬೇಕಾದದ್ದು ಆ ಅಂಟೇ. ಗೂಡಿಗೆ ಗಟ್ಟಿತನ ಕೊಡುವುದು ಅದು, ದಳಕ್ಕೆ ಆಕಾರ ಕೊಡುವುದೂ ಅದು. ಹಾರವನ್ನು ಯಾರೂ ಒಗೆಯುವುದೂ ಇಲ್ಲ. ಜೊತೆಗೆ ಈ ಅಂಟು ಒಳಗಿನ ಎಳೆಗಿಂತ ಬೇಗ ಬಣ್ಣ ಕುಡಿಯುತ್ತದೆ. ಇದು ಹೊಳೆದ ದಿನ ಮಾವನಿಗೆ ಹೇಳಿದರೆ, “ಅಮ್ಮಾ, ನಾನು ಹುಟ್ಟಿದಾಗಿನಿಂದ ಗೂಡು ನೋಡಿದ್ದೇನೆ. ತಣ್ಣೀರಿನಲ್ಲಿ ಬಣ್ಣ ಹತ್ತುವುದನ್ನು ನೋಡಿಲ್ಲ” ಎಂದರು. “ತಣ್ಣೀರಲ್ಲ ಮಾವ, ಬಿಸಿನೀರು, ಕುದಿಯದ ನೀರು” ಎಂದೆ.

ನನ್ನ ಅಳತೆ ಹೀಗಿದೆ, ಅಂದಾಜು ಎಂದೇ ತಿಳಿಯಿರಿ. 200 ಗೂಡಿಗೆ ಮೂರು ಲೀಟರ್ ನೀರು, ರೇಷ್ಮೆ ನೂಲಿಗೆ ಬಳಸುವ ಆಸಿಡ್ ಬಣ್ಣ ಕಾಲು ಚಮಚ, ವಿನೆಗರ್ ಅರ್ಧ ಲೋಟ. ನೀರು ಕೈ ಅದ್ದಿದರೆ ತಡೆಯುವಷ್ಟು ಬಿಸಿ ಇರಬೇಕು, ಅದಕ್ಕಿಂತ ಹೆಚ್ಚು ಬೇಡ. ಗೂಡು ತೇಲುತ್ತದೆ, ಮೇಲೆ ತಟ್ಟೆ ಮುಚ್ಚಿ ಭಾರ ಇಡಿ. ತೂತಿನಿಂದ ನೀರು ಒಳಗೆ ಹೋಗಿ ಕ್ರಮೇಣ ಮುಳುಗುತ್ತದೆ. ಆಗಾಗ ಮೆಲ್ಲಗೆ ತಿರುವುತ್ತಾ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪಾತ್ರೆಯ ನೀರು ಹೆಚ್ಚುಕಡಿಮೆ ತಿಳಿಯಾಗಿದ್ದರೆ ಬಣ್ಣ ಗೂಡಿಗೆ ಸೇರಿದೆ ಎಂದರ್ಥ. ಆಮೇಲೆ ತಣ್ಣೀರಿನಲ್ಲಿ ಜಾಲಿಸಬೇಕು. ಕೊನೆಯ ಜಾಲಿಸುವಿಕೆಗೆ ನಾನು ಅಡುಗೆಮನೆಯದೇ ಒಂದು ವಸ್ತು ಸೇರಿಸುತ್ತೇನೆ, ಅದರಿಂದ ಬಣ್ಣ ನಿಲ್ಲುತ್ತದೆ. ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ನನ್ನ ಸಂಪಾದನೆ ಅದರ ಮೇಲೆಯೇ ನಿಂತಿದೆ.

ನೀರನ್ನು ಹಗುರವಾಗಿ ಕಾಣಬೇಡಿ. ನಮ್ಮ ಕಡೆಯ ಕೊಳವೆಬಾವಿಯ ನೀರು ಗಡಸು. ಅದರಲ್ಲಿ ಹಾಕಿದ ಗುಲಾಬಿ ಬೂದಿಯಾಗಿ, ಹಳದಿ ಮಂಕಾಗಿ ಬಂತು. ಬಣ್ಣದ ಅಂಗಡಿಯವರನ್ನು ಬೈದುಕೊಂಡು ಎರಡು ಬಗೆ ಬಣ್ಣ ಬದಲಿಸಿದ ಮೇಲೆ, ಶುದ್ಧ ಕುಡಿಯುವ ನೀರಿನ ಘಟಕದಿಂದ ಐದು ರೂಪಾಯಿಗೆ 20 ಲೀಟರ್ ಕ್ಯಾನ್ ತಂದು ನೋಡಿದೆ. ಅದೇ ಬಣ್ಣ ಎದ್ದು ಕಂಡಿತು. ಐದು ರೂಪಾಯಿಯ ನೀರಿನಿಂದ ಬಂದಷ್ಟು ಬದಲಾವಣೆ ದುಬಾರಿ ಬಣ್ಣದಿಂದಲೂ ಬರಲಿಲ್ಲ.

ಒಣಗಿಸುವುದು ಚಂದ್ರಿಕೆಯ ಮೇಲೆ, ಅಂದರೆ ಗೂಡು ಕಟ್ಟಲು ಹುಳು ಬಿಡುವ, ಸುತ್ತು ಸುತ್ತಾಗಿ ಹೆಣೆದ ಬಿದಿರಿನ ತಟ್ಟಿಯ ಮೇಲೆ. ಮನೆಯಲ್ಲಿ ಹಳೆಯ ಬಿದಿರು ಚಂದ್ರಿಕೆಗಳು ಸುಮ್ಮನೆ ಬಿದ್ದಿದ್ದವು, ಈಗ ಹುಳು ಬಿಡಲು ಹಲವರು ಪ್ಲಾಸ್ಟಿಕ್ ನೇತ್ರಿಕೆ ಬಳಸುತ್ತಾರಲ್ಲ. ಸುತ್ತುಗಳ ನಡುವೆ ಒಂದೊಂದೇ ಗೂಡನ್ನು ತೂತು ಕೆಳಮುಖವಾಗಿ ಸಿಕ್ಕಿಸಿ ನೆರಳಿನಲ್ಲಿ ನಿಲ್ಲಿಸುತ್ತೇನೆ. ಹಸಿಯಾಗಿದ್ದಾಗ ಒಂದಕ್ಕೊಂದು ತಾಗಿದರೆ ಅಂಟಿಕೊಳ್ಳುತ್ತದೆ, ಬಿಡಿಸುವಾಗ ಸಿಪ್ಪೆ ಏಳುತ್ತದೆ. ದಳ ಬಗ್ಗಿಸಲು ಇಡ್ಲಿ ಪಾತ್ರೆಯ ಹಬೆ ಸಾಕು. ಕತ್ತರಿಸಿದ ಗೂಡನ್ನು ಕೆಲವೇ ಕ್ಷಣ ಹಬೆಗೆ ಹಿಡಿದು ಚಮಚದ ಬೆನ್ನಿಗೆ ಒತ್ತಿ ಬಿಟ್ಟರೆ, ಅಂಟು ಮತ್ತೆ ಗಟ್ಟಿಯಾಗಿ ಆಕಾರ ಹಾಗೇ ನಿಲ್ಲುತ್ತದೆ. ಕುದಿಸಿದ ಗೂಡಿನಲ್ಲಿ ಇದು ಸಾಧ್ಯವೇ ಇಲ್ಲ. ಒಂದು ಗೂಡನ್ನು ಉಗುರಿನಿಂದ ಪದರ ಪದರವಾಗಿ ಸೀಳಬಹುದು ಎನ್ನುವುದು ನಿಮಗೆ ಗೊತ್ತಿರುತ್ತದೆ; ತೀರಾ ಒಳಗಿನ ತೆಳುಪದರ ದುಂಡುಮಲ್ಲಿಗೆಗೆ ಹೇಳಿ ಮಾಡಿಸಿದ್ದು. ಸೀಳುವ ಮುನ್ನ ನಾನು ಮಾಡುವ ಒಂದು ಸಣ್ಣ ಕೆಲಸವಿದೆ, ಅದನ್ನು ನನ್ನ ಜೊತೆ ಕೆಲಸ ಮಾಡುವ ಇಬ್ಬರಿಗೆ ಮಾತ್ರ ಕಲಿಸಿದ್ದೇನೆ.

ಇದೆಲ್ಲ ಹೇಗೆ ಶುರುವಾಯಿತೆಂದರೆ, ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಪಾಸಾದೆ, ಅಂಕ 70ರ ಆಸುಪಾಸು. ಅಪ್ಪನಿಗೆ ನಾನು ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಓಡಾಡಿಕೊಂಡು ಬಿ.ಕಾಂ. ಮಾಡಬೇಕೆಂಬ ಆಸೆ. ಅಮ್ಮನಿಗೆ ನನ್ನ ಮದುವೆಯ ಚಿಂತೆ. ಜೊತೆಯವರು ಒಬ್ಬಳು ನರ್ಸಿಂಗ್, ಒಬ್ಬಳು ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆ ಎಂದು ಹೊರಟುಹೋದರು. ನನಗೆ ಯಾವುದೂ ಬೇಡವೆನಿಸಿತ್ತು, ಬೇಕಾದದ್ದು ಏನೆಂದೂ ತಿಳಿದಿರಲಿಲ್ಲ. ಮದುವೆ ಮನೆಗೆ ಹೋದರೆ “ಮುಂದೇನಮ್ಮಾ?” ಎಂದು ಕೇಳುತ್ತಾರೆಂದು ಹೋಗುವುದನ್ನೇ ಬಿಟ್ಟಿದ್ದೆ. ಆ ವರ್ಷ ಗೌರಿ ಹಬ್ಬಕ್ಕೆ ಅತ್ತೆಯಂದಿರಿಗೆ ಏನಾದರೂ ಕೊಡಬೇಕೆಂದರೆ ಕೈಯಲ್ಲಿ ಹಣವಿರಲಿಲ್ಲ. ಮಾವ ಬೇಡವೆಂದು ತೆಗೆದಿಟ್ಟಿದ್ದ ಗೂಡಿನಿಂದ ಹೂ ಮಾಡಿ, ಬಾಗಿನದ ಮೊರಗಳ ಅಂಚಿಗೆ ಕಟ್ಟಿ ಕೊಟ್ಟೆ. ದೊಡ್ಡತ್ತೆ ಆ ಮೊರವನ್ನು ಊರೆಲ್ಲ ತೋರಿಸಿ, ದೀಪಾವಳಿಗೆ ತಮ್ಮ ಕಡೆಯವರಿಂದ ಹತ್ತು ಹಾರಕ್ಕೆ ಮುಂಗಡ ತಂದುಕೊಟ್ಟರು. ನನ್ನ ಜೀವನದ ಮೊದಲ ಸಂಪಾದನೆ ಆ 500 ರೂಪಾಯಿ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಅರಿಶಿನ ಹಾಕಿದ ಗೂಡು ಕಣ್ಣು ಕುಕ್ಕುವಷ್ಟು ಚೆನ್ನಾಗಿ ಬಂತು, ಆದರೆ ಕಿಟಕಿಯ ಬಿಸಿಲಿಗೆ ಎರಡೇ ವಾರದಲ್ಲಿ ಬಿಳಿಚಿತು. ಬೀಟ್‌ರೂಟಿನ ಕೆಂಪು ಅದಕ್ಕೂ ಮೊದಲೇ ಹೋಯಿತು. ಸ್ಫಟಿಕದ (ಪಟಿಕ, ಆಲಮ್) ನೀರಿನಲ್ಲಿ ನೆನೆಸಿ ಈರುಳ್ಳಿ ಸಿಪ್ಪೆಯ ನೀರಿಗೆ ಹಾಕಿದ್ದು ಮಾತ್ರ ತಾಮ್ರದ ಬಣ್ಣಕ್ಕೆ ತಿರುಗಿ ಇಂದಿಗೂ ಹಾಗೆಯೇ ಇದೆ. ಹೋಟೆಲಿನಿಂದ ಸಿಪ್ಪೆ ಪುಕ್ಕಟೆಯಾಗಿ ಸಿಗುತ್ತದೆ, ನೀವೂ ಮಾಡಿ ನೋಡಿ. ಮಿಶ್ರತಳಿಯ ಹಳದಿ ಗೂಡಿಗೆ ಬಣ್ಣವೇ ಬೇಡ, ಆದರೆ ಆ ಹಳದಿ ಇರುವುದೂ ಅಂಟಿನಲ್ಲೇ. ಕುದಿಸಿದರೆ ಅದರ ಜೊತೆಗೇ ಹೊರಟುಹೋಗುತ್ತದೆ. ಸಂಕ್ರಾಂತಿಗೆ ಗೂಡಿನ ಒಳಗೇ ಎಳ್ಳು ಬೆಲ್ಲ ತುಂಬಿ ಬೀರಲು ಕೊಡೋಣವೆಂದುಕೊಂಡೆ. ಹುಳುವಿನ ಗೂಡಿನಲ್ಲಿ ತಿನ್ನುವ ಪದಾರ್ಥವೇ ಎಂದು ಅಜ್ಜಿ ಒಪ್ಪಲಿಲ್ಲ, ಕೊಂಡುಕೊಳ್ಳುವವರೂ ಒಪ್ಪಲಿಲ್ಲ. ಎಳ್ಳಿನ ಡಬ್ಬಿಯ ಮುಚ್ಚಳಕ್ಕೆ ಗೂಡಿನ ಹೂ ಕಟ್ಟಿದೆ, ಅದಕ್ಕೆ ಬೇಡಿಕೆ ಬಂತು. ಎಲ್ಲಕ್ಕಿಂತ ಚೆನ್ನಾಗಿ ಹೋದದ್ದು ಪುಟ್ಟ ಚಂದ್ರಿಕೆ. ನಮಗೆ ಮೊರ ಕೊಡುವ ಮೇದರ ಮನೆಯವರಿಂದ ಊಟದ ತಟ್ಟೆಯಷ್ಟು ಅಗಲದ ಚಂದ್ರಿಕೆಗಳನ್ನು ತಲಾ 60 ರೂಪಾಯಿಗೆ ಹೆಣೆಸಿ, ಸುತ್ತುಗಳಲ್ಲಿ ಬಣ್ಣದ ಗೂಡು ಕೂರಿಸಿ ಗೋಡೆಗೆ ಹಾಕುವಂತೆ ಮಾಡಿದೆ. ಊರು ಬಿಟ್ಟು ಬೆಂಗಳೂರು ಸೇರಿದ ರೇಷ್ಮೆ ಬೆಳೆಗಾರರ ಮಕ್ಕಳು ಇದನ್ನು ಕೇಳಿ ಕೇಳಿ ಕೊಂಡರು, 300 ಎಂದರೂ ಚೌಕಾಸಿ ಮಾಡಲಿಲ್ಲ.

ಹಣದ ಮಾತು. ಒಂದೂವರೆ ಅಡಿಯ ಹಾರಕ್ಕೆ 65 ಗೂಡು, ಅದು 22 ರೂಪಾಯಿ. ಬಣ್ಣ, ವಿನೆಗರ್, ನೀರು ಸೇರಿ 8. ಬೆಂಗಳೂರಿನ ಚಿಕ್ಕಪೇಟೆಯಿಂದ ತರುವ ಮಣಿ, ಜರಿ 35. ಡಬ್ಬಿ 25. ಗ್ಲೂ, ತಂತಿ ಎಂದು ಇನ್ನೊಂದು ಹತ್ತು. ಒಟ್ಟು 100 ರೂಪಾಯಿ ಬೀಳುತ್ತದೆ, 350ಕ್ಕೆ ಕೊಡುತ್ತೇನೆ. ಕಳೆದ ದೀಪಾವಳಿಗೆ ನೂರಿಪ್ಪತ್ತಕ್ಕೂ ಹೆಚ್ಚು ಹಾರ, ಮೇಲೆ ಒಂದಿಷ್ಟು ಚಂದ್ರಿಕೆ ಹೋದವು. ಬಂದದ್ದು 50 ಸಾವಿರದ ಹತ್ತಿರ. ಸಾಮಾನು, ಇಬ್ಬರ ಕೂಲಿ, ಬಸ್ ಚಾರ್ಜು ಕಳೆದು 25 ಸಾವಿರ ಉಳಿಯಿತು. ಅದರ ಹಿಂದಿನ ವರ್ಷ ಮಾತ್ರ ಹೊಡೆತ ತಿಂದೆ. ಬೆಂಗಳೂರಿನ ಒಂದು ಅಂಗಡಿಯವರು ನೂರು ಹಾರಕ್ಕೆ ಬಾಯಿಮಾತಿನಲ್ಲಿ ಹೇಳಿ, ಹಬ್ಬಕ್ಕೆ ವಾರವಿರುವಾಗ ಬೇಡವೆಂದರು. ಇನ್ನೊಂದು ಅಂಗಡಿಯವರು ಮಾರಿ ಕೊಡುತ್ತೇವೆಂದು ಇಟ್ಟುಕೊಂಡು, ಧೂಳು ಹಿಡಿದ ಮೇಲೆ ಹಿಂದಿರುಗಿಸಿದರು. ಈಗ ಅರ್ಧ ಹಣ ಮುಂಗಡ ಬಾರದೆ ಗೂಡನ್ನು ನೀರಿಗೆ ಹಾಕುವುದಿಲ್ಲ, ಕೇಳುವವರು ಯಾರೇ ಆಗಿರಲಿ.

ಡಬ್ಬಿಯ ಮೇಲೆ “ಚಿಟ್ಟೆ ತಾನಾಗಿ ಹೊರಬಂದ ಗೂಡು” ಎಂದು ಅಚ್ಚು ಹಾಕಿಸಿದ್ದೇನೆ. ರೇಷ್ಮೆಗಾಗಿ ಹುಳು ಸಾಯುವುದನ್ನು ಒಪ್ಪದವರು ಇದನ್ನು ಓದಿ ಕೊಳ್ಳುತ್ತಾರೆ. “ಹಾರಿಹೋದ” ಎಂದು ಹಾಕಿಸು, ಇನ್ನೂ ಚೆನ್ನಾಗಿ ಮಾರಾಟವಾಗುತ್ತದೆ ಎಂದು ಒಬ್ಬರು ಸಲಹೆ ಕೊಟ್ಟರು. ರೇಷ್ಮೆ ಚಿಟ್ಟೆ ಹಾರುವುದಿಲ್ಲ, ಮೊಟ್ಟೆಯಿಟ್ಟು ಕೆಲವು ದಿನಗಳಲ್ಲಿ ಸಾಯುತ್ತದೆ. ರೇಷ್ಮೆಯ ಊರಿನಲ್ಲಿ ಹುಟ್ಟಿ ಸುಳ್ಳು ಬರೆಸುವುದು ನನ್ನಿಂದಾಗದು.

ಅಪ್ಪನ ಆಸೆಯನ್ನೂ ಕೈಬಿಟ್ಟಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಕಾಂ.ಗೆ ಸೇರಿದ್ದೇನೆ, ಶುಲ್ಕವನ್ನು ಹಾರದ ಹಣದಿಂದಲೇ ಕಟ್ಟಿದೆ. ಕಾಲೇಜಿನಲ್ಲಿ ತಲೆಗೆ ಹತ್ತದ ವೆಚ್ಚ ಲೆಕ್ಕ ಈಗ ಓದಿದರೆ ಅರ್ಥವಾಗುತ್ತದೆ, ಏಕೆಂದರೆ ಪ್ರತಿ ಸಾಲಿನಲ್ಲೂ ನನ್ನ ಗೂಡು, ನನ್ನ ಡಬ್ಬಿ ಕಾಣುತ್ತವೆ. ದೊಡ್ಡಬಳ್ಳಾಪುರದ ಆ ಬಣ್ಣದವರು ಹೋದ ತಿಂಗಳು ಮಾವನ ಮನೆಗೆ ಬಂದಿದ್ದಾಗ ಹಾರವನ್ನು ಒದ್ದೆ ಬಟ್ಟೆಯಿಂದ ಉಜ್ಜಿ ನೋಡಿದರು, ಬಟ್ಟೆಗೆ ಬಣ್ಣ ಹತ್ತಲಿಲ್ಲ. ಕೊನೆಯ ನೀರಿಗೆ ಏನು ಹಾಕುತ್ತೀಯಮ್ಮಾ ಎಂದು ಕೇಳಿದರು. ಅವರಿಗೂ ಹೇಳಲಿಲ್ಲ.

ಕುಂಕುಮ ಕೆಂಪು ಮಾತ್ರ ಇನ್ನೂ ಪೂರ್ತಿ ಹತೋಟಿಗೆ ಬಂದಿಲ್ಲ. ಮಳೆಗಾಲದ ತೇವಕ್ಕೆ ಪಕ್ಕದ ಬಿಳಿ ಹೂವಿಗೆ ಸ್ವಲ್ಪ ಇಳಿಯುತ್ತದೆ. ಸದ್ಯಕ್ಕೆ ಕೆಂಪು ಮತ್ತು ಬಿಳಿಯ ನಡುವೆ ಒಂದು ಜರಿಯ ಮಣಿ ಇಟ್ಟು ಕಟ್ಟುತ್ತಿದ್ದೇನೆ. ಈ ಸಲ ವರಮಹಾಲಕ್ಷ್ಮಿ ಹಬ್ಬದೊಳಗೆ ಕೆಂಪಿಗೆ ವಿನೆಗರ್ ಪ್ರಮಾಣ ಹೆಚ್ಚಿಸಿ, ಎರಡು ರಾತ್ರಿ ನೆನೆಸಿ ನೋಡುವವಳಿದ್ದೇನೆ.