ಆಫರ್ ಮನೆವರೆಗೆ ಬಂತು, ಕಂಟೇನರ್‌ಗೆ ಸಿಗಲಿಲ್ಲ

ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಎರಡು ಲಿನಕ್ಸ್ ಕಂಟೇನರ್ (ಪ್ರತ್ಯೇಕ ಯಂತ್ರದ ಹಾಗೆ ಓಡುವ ಪುಟ್ಟ ವ್ಯವಸ್ಥೆಗಳು) ಇಟ್ಟುಕೊಂಡಿದ್ದೇನೆ. ಎರಡಕ್ಕೂ ಮನೆ ನೆಟ್‌ವರ್ಕ್‌ನದೇ ಐಪಿ ವಿಳಾಸ ಬೇಕಿತ್ತು, ಅದೂ ಡಿಎಚ್‌ಸಿಪಿಯಿಂದ, ಅಂದರೆ ಕೇಳಿದ ಯಂತ್ರಕ್ಕೆ ಐಪಿ ಹಂಚುವ ವ್ಯವಸ್ಥೆಯಿಂದ. ಕೇಬಲ್ ಇದ್ದಾಗ ಮ್ಯಾಕ್‌ವಿಲ್ಯಾನ್ ಡ್ರೈವರ್ ಹಾಕಿದ್ದೆ (ಒಂದೊಂದು ಕಂಟೇನರ್‌ಗೂ ಬೇರೆ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್ ಕಾರ್ಡ್‌ನ ಗುರುತು ಸಂಖ್ಯೆ, ಕೊಡುವಂಥದ್ದು), ತಕರಾರಿರಲಿಲ್ಲ. ವೈಫೈಗೆ ಬಂದ ಮೇಲೆ ಅದು ನಡೆಯಲಿಲ್ಲ. ಒಂದು ಸಂಪರ್ಕಕ್ಕೆ ಒಂದೇ ಮ್ಯಾಕ್ ವಿಳಾಸವನ್ನು ವೈಫೈ ಕೊಡುವ ಆಕ್ಸೆಸ್ ಪಾಯಿಂಟ್ ಒಪ್ಪುತ್ತದೆ ಅಲ್ವಾ? ಹಾಗಾಗಿ ಐಪಿವಿಲ್ಯಾನ್ ಹಾಕಿದೆ. ಇದರಲ್ಲಿ ಕಂಟೇನರ್‌ಗಳಿಗೂ ಲ್ಯಾಪ್‌ಟಾಪ್‌ನ ಮ್ಯಾಕ್ ವಿಳಾಸವೇ.

ಗೋಳು ಶುರುವಾಗಿದ್ದು ಅಲ್ಲಿಂದ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ನಲ್ಲಿರುವ ಡಿಎಚ್‌ಸಿಪಿ ಸರ್ವರ್ ಡಿಎನ್ಎಸ್‌ಮಾಸ್ಕ್‌ನ ಲಾಗ್ ನೋಡಿದರೆ ಡಿಸ್ಕವರ್ (ಐಪಿ ಕೊಡುವವರಿದ್ದೀರಾ ಎಂಬ ಕ್ಲೈಂಟ್‌ನ ಕೂಗು; ಕ್ಲೈಂಟ್ ಅಂದರೆ ಕಂಟೇನರ್‌ನಲ್ಲಿ ಐಪಿ ಕೇಳುವ ಪ್ರೋಗ್ರಾಂ), ಆಫರ್ (ಈ ಐಪಿ ತಗೋ ಎಂಬ ಸರ್ವರ್‌ನ ಉತ್ತರ), ಮತ್ತೆ ಡಿಸ್ಕವರ್, ಮತ್ತೆ ಆಫರ್. ಸರಿ, ಅದನ್ನೇ ಕೊಡು ಎನ್ನುವ ರಿಕ್ವೆಸ್ಟ್ ಮಾತ್ರ ಬರುತ್ತಲೇ ಇಲ್ಲ. ಫೈರ್‌ವಾಲ್ ಮೇಲೆ ಅನುಮಾನಪಟ್ಟು ಒಂದು ಸಂಜೆ ಸುಮ್ನೆ ಹಾಳಾಯಿತು.

ಮರುದಿನ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಅನ್ನು ಎರಡು ಕಡೆ ಹಚ್ಚಿದೆ, ಡಿಎಚ್‌ಸಿಪಿಯ 67 ಮತ್ತು 68ನೇ ಪೋರ್ಟ್‌ಗಳ ಮೇಲೆ. ಲ್ಯಾಪ್‌ಟಾಪ್‌ನ ವೈಫೈ ಇಂಟರ್‌ಫೇಸ್‌ನಲ್ಲಿ ಆಫರ್ ಕಾಣಿಸಿತು. ಕಂಟೇನರ್ ಒಳಗೆ ಇಲ್ಲ. ಡಿಸ್ಕವರ್‌ನಲ್ಲಿ ಬ್ರಾಡ್‌ಕಾಸ್ಟ್ ಫ್ಲ್ಯಾಗ್ (ಉತ್ತರವನ್ನು ಎಲ್ಲರಿಗೂ ಮುಟ್ಟುವಂತೆ ಕಳಿಸು ಎಂಬ ಗುರುತು) ಖಾಲಿ ಇತ್ತು.

ಅಲ್ಲಿಗೆ ಅರ್ಥವಾಯಿತು. ಡಿಎಚ್‌ಸಿಪಿಯ ನಿಯಮಗಳಿರುವ ಆರ್‌ಎಫ್‌ಸಿ 2131ರ ಪ್ರಕಾರ, ಆ ಫ್ಲ್ಯಾಗ್ ಖಾಲಿ ಇದ್ದರೆ 'ಐಪಿ ಇಲ್ಲದಿದ್ದರೂ ನನಗೇ ನೇರವಾಗಿ ಕಳಿಸು, ತಗೊಳ್ತೀನಿ' ಅಂತ ಕ್ಲೈಂಟ್ ಹೇಳಿದ ಹಾಗೆ. ಹೇಳಿದ್ದು ಕ್ಲೈಂಟ್, ನಡೆಸಿಕೊಡಬೇಕಾದ್ದು ಡ್ರೈವರ್. ಮ್ಯಾಕ್‌ವಿಲ್ಯಾನ್ ಮ್ಯಾಕ್ ವಿಳಾಸ ನೋಡಿ ಪ್ಯಾಕೆಟ್ ಹಂಚುತ್ತದೆ, ಅದಕ್ಕೇ ಅಲ್ಲಿ ನಡೆಯುತ್ತಿತ್ತು. ಐಪಿವಿಲ್ಯಾನ್ ಹಂಚುವುದು ಐಪಿ ನೋಡಿ. ಆಫರ್‌ನಲ್ಲಿ ಬಂದ ಐಪಿ ಇನ್ನೂ ಯಾವ ಕಂಟೇನರ್‌ನದೂ ಅಲ್ಲ. ಹಾಗಾಗಿ ಅದು ಲ್ಯಾಪ್‌ಟಾಪ್‌ಗೇ ಹೋಯಿತು, ಲ್ಯಾಪ್‌ಟಾಪ್ ನನ್ನದಲ್ಲ ಎಂದು ಎಸೆಯಿತು. ಬ್ರಾಡ್‌ಕಾಸ್ಟ್ ಆದರೆ ಎಲ್ಲ ಕಂಟೇನರ್‌ಗೂ ಒಂದೊಂದು ಪ್ರತಿ ಸಿಗುತ್ತದೆ.

ಕಂಟೇನರ್‌ನಲ್ಲಿರುವ ಕ್ಲೈಂಟ್, ಬಿಜಿಬಾಕ್ಸ್‌ನ ಯುಡಿಎಚ್‌ಸಿಪಿಸಿಗೆ, ಬ್ರಾಡ್‌ಕಾಸ್ಟ್ ಕೇಳುವ ದೊಡ್ಡಕ್ಷರದ 'ಬಿ' ಆಪ್ಷನ್ ಕೊಟ್ಟೆ. ಡಂಪ್‌ನಲ್ಲಿ ಫ್ಲ್ಯಾಗ್ 0x8000 ಆಯಿತು (ಅಂದರೆ ಖಾಲಿ ಇಲ್ಲ), ರಿಕ್ವೆಸ್ಟ್ ಹೋಯಿತು, ಐಪಿ ಬಂತು. ಕ್ಲೈಂಟ್ ಆಗಿ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಬಳಸುವವರಿಗೆ ಇದಕ್ಕೇ 'ರಿಕ್ವೆಸ್ಟ್‌ಬ್ರಾಡ್‌ಕಾಸ್ಟ್' ಎಂಬ ಸೆಟ್ಟಿಂಗ್ ಇದೆ. ಕ್ಲೈಂಟ್ ಮುಟ್ಟುವ ಹಾಗಿಲ್ಲದಿದ್ದರೆ ಡಿಎನ್ಎಸ್‌ಮಾಸ್ಕ್‌ನಲ್ಲೇ ಬ್ರಾಡ್‌ಕಾಸ್ಟ್ ಕಡ್ಡಾಯ ಮಾಡಬಹುದು. ನಾನು ಕ್ಲೈಂಟ್ ಕಡೆಯೇ ಮಾಡಿದೆ, ಸಮಸ್ಯೆ ಇರುವುದು ಅಲ್ಲೇ ತಾನೆ.

ಖುಷಿಯಲ್ಲಿ ಎರಡನೇ ಕಂಟೇನರ್ ಶುರು ಮಾಡಿದರೆ ಅದಕ್ಕೂ ಅದೇ ಐಪಿ! ಮ್ಯಾಕ್ ಒಂದೇ, ಅದರಿಂದಲೇ ಮಾಡಿದ ಕ್ಲೈಂಟ್ ಐಡಿಯೂ (ಸರ್ವರ್ ಕ್ಲೈಂಟನ್ನು ಗುರುತಿಸುವುದು ಇದರಿಂದ) ಒಂದೇ. ಆ ಐಡಿ ಹೋಗುವ 61ನೇ ಆಪ್ಷನ್‌ನಲ್ಲಿ ಒಂದೊಂದಕ್ಕೆ ಬೇರೆ ಐಡಿ ಬರೆದ ಮೇಲೆ ಲಾಗ್‌ನಲ್ಲಿ ಎರಡು ಬೇರೆ ಬೇರೆ ವಿಳಾಸ ಕಂಡವು.